ಅಗ್ಗದ ಸರ್ವರ್: ಕೊಳ್ಳುವುದು ಹೇಗೆ, ನಂಬುವುದು ಎಷ್ಟು?

ಅಂತರ್ಜಾಲದಲ್ಲಿ ಸದಾ ಎದ್ದಿರುವ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ಬಾಡಿಗೆಗೆ ಕೊಡುವ ಎರಡು ಹೋಸ್ಟಿಂಗ್ ಕಂಪನಿಗಳ ಬೆಲೆಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿ. 2 ಕೋರ್ ಪ್ರೊಸೆಸರ್, 2 ಜಿಬಿ ಮೆಮೊರಿ, 40 ಜಿಬಿ ಡಿಸ್ಕ್ ಎಂದು ಎರಡೂ ಕಡೆ ಒಂದೇ ಬರಹ. ಆದರೆ ಒಂದು ಕಂಪನಿ ತಿಂಗಳಿಗೆ ಕೇಳುವ ಹಣಕ್ಕೆ ಇನ್ನೊಂದು ಕಂಪನಿ ಹೆಚ್ಚುಕಡಿಮೆ ವರ್ಷವಿಡೀ ಸರ್ವರ್ ಕೊಡುತ್ತದೆ. ಇಂಥ ಅಂತರ ಕಂಡಾಗ ಕೆಲವರು ಮೋಸವೆಂದು ಹಿಂದೆ ಸರಿಯುತ್ತಾರೆ. ಕೆಲವರು ಹಿಂದೆಮುಂದೆ ನೋಡದೆ ಮೂರು ವರ್ಷದ ಬಾಡಿಗೆಯನ್ನು ಒಟ್ಟಿಗೆ ಕಟ್ಟಿಬಿಡುತ್ತಾರೆ. ಎರಡೂ ಆತುರದ ತೀರ್ಮಾನಗಳೇ. ಅಗ್ಗದ ಸರ್ವರ್ ಧಾರಾಳವಾಗಿ ಕೊಳ್ಳಬಹುದು, ಆದರೆ ಒಂದು ಷರತ್ತಿದೆ. ಅದು ಇಂದು ರಾತ್ರಿ ಹೇಳದೆ ಕೇಳದೆ ಮಾಯವಾದರೆ, ನಾಳೆ ಸಂಜೆಯೊಳಗೆ ಬೇರೆ ಕಡೆ ಎಲ್ಲವನ್ನೂ ಮತ್ತೆ ಎಬ್ಬಿಸಿ ನಿಲ್ಲಿಸಲು ನಿಮಗೆ ಸಾಧ್ಯವಾಗಬೇಕು.

ಬೆಲೆ ಇಳಿಯುವುದು ಎಲ್ಲಿ?

ನೀವು ಬಾಡಿಗೆಗೆ ಪಡೆಯುವುದು ಇಡೀ ಯಂತ್ರವನ್ನಲ್ಲ, ಅದರ ಒಂದು ತುಂಡನ್ನು. ಇದನ್ನೇ ವಿಪಿಎಸ್ ಎನ್ನುತ್ತಾರೆ. ಒಂದು ದೊಡ್ಡ ಯಂತ್ರವನ್ನು ಹತ್ತಾರು ಪುಟ್ಟ ಸರ್ವರ್‌ಗಳಾಗಿ ಒಡೆಯುವ ಕೆವಿಎಂ ತಂತ್ರಾಂಶ 2007ರಲ್ಲಿ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಭಾಗವೇ ಆಯಿತು. ಇಂದು ಒಂದು ಯಂತ್ರವನ್ನು ಬಾಡಿಗೆಗೆ ಹಿಡಿದು, ಅದನ್ನು ಹೋಳು ಮಾಡಿ ಮಾರುವುದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಒಬ್ಬನೇ ಕುಳಿತು ನಡೆಸುವ ಕಂಪನಿಗಳೂ ಇವೆ.

ಹೋಳುಗಳ ಲೆಕ್ಕವೇ ಬೆಲೆಯ ಗುಟ್ಟು. ಎಲ್ಲ ಗ್ರಾಹಕರೂ ಏಕಕಾಲಕ್ಕೆ ಪ್ರೊಸೆಸರನ್ನು ಪೂರ್ತಿ ಬಳಸುವುದಿಲ್ಲ ಎಂಬ ನಂಬಿಕೆಯ ಮೇಲೆ, ಇರುವುದಕ್ಕಿಂತ ಹೆಚ್ಚು ಕೋರ್‌ಗಳನ್ನು ಮಾರಲಾಗುತ್ತದೆ. ದುಬಾರಿ ಕಂಪನಿಗಳೂ ಇದನ್ನು ಮಾಡುತ್ತವೆ. ವ್ಯತ್ಯಾಸ ಇರುವುದು ಎಷ್ಟರ ಮಟ್ಟಿಗೆ ಎಂಬುದರಲ್ಲಿ. ಇದರ ಜೊತೆಗೆ ಹಳೆಯ ತಲೆಮಾರಿನ ಪ್ರೊಸೆಸರ್, ರಾತ್ರಿ ಹೊತ್ತು ಉತ್ತರಿಸಲು ಯಾರೂ ಇಲ್ಲದ ಸಹಾಯ ವಿಭಾಗ, ಬಿಡಿಭಾಗಗಳ ದಾಸ್ತಾನು ಇಲ್ಲದ ಡೇಟಾ ಸೆಂಟರ್ ಇವೆಲ್ಲ ಸೇರಿದಾಗ ಬೆಲೆ ನೆಲ ಮುಟ್ಟುತ್ತದೆ. ಇದರಲ್ಲಿ ಮೋಸವೇನಿಲ್ಲ, ಬೆಲೆಪಟ್ಟಿಯಲ್ಲಿ ಬರೆದಿಲ್ಲ, ಅಷ್ಟೆ.

ಹೆಜ್ಜೆ 1: ಒಳಗೆ ಏನಿಡುತ್ತೀರಿ?

ಮೊದಲಿಗೆ, ಸರ್ವರ್ ನಿಜಕ್ಕೂ ಬೇಕೇ ನೋಡಿಕೊಳ್ಳಿ. ನಾಲ್ಕಾರು ಪುಟಗಳ ಪರಿಚಯ ತಾಣಕ್ಕೆ ಬೇಡ. ಬದಲಾಗದ ಪುಟಗಳನ್ನು ಗಿಟ್‌ಹಬ್ ಪೇಜಸ್‌ನಂಥ ಸೇವೆಗಳು ಉಚಿತವಾಗಿಯೇ ಇಟ್ಟುಕೊಳ್ಳುತ್ತವೆ, ನಿರ್ವಹಣೆಯ ತಲೆನೋವೂ ಇರುವುದಿಲ್ಲ.

ಕಲಿಕೆಗೆ, ಪ್ರಯೋಗಕ್ಕೆ, ಸ್ವಂತ ಬರಹಗಳ ತಾಣಕ್ಕೆ, ವಿಪಿಎನ್‌ಗೆ (ಗುಟ್ಟಾಗಿ ಮಾಹಿತಿ ಸಾಗಿಸುವ ಖಾಸಗಿ ಸಂಪರ್ಕ), ಬೇರೆ ಸರ್ವರ್‌ಗಳು ಎದ್ದಿವೆಯೇ ಎಂದು ಕಾವಲು ಕಾಯುವುದಕ್ಕೆ ಅಗ್ಗದ ಸರ್ವರ್ ಹೇಳಿ ಮಾಡಿಸಿದಂತಿದೆ. ಅರ್ಧ ದಿನ ಬಿದ್ದರೂ ಇಲ್ಲಿ ಆಕಾಶವೇನೂ ಕಳಚಿ ಬೀಳುವುದಿಲ್ಲ. ಹಣ ಪಾವತಿಯಾಗುವ ಅಂಗಡಿ, ಗ್ರಾಹಕರ ಖಾಸಗಿ ವಿವರ, ಮನೆಯವರ ಫೋಟೊಗಳ ಏಕೈಕ ಪ್ರತಿ ಇವು ಅಲ್ಲಿಗೆ ಹೋಗಬಾರದು.

ಇಮೇಲ್ ಸರ್ವರ್ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅನೇಕರು ಎಡವುವುದು ಇಲ್ಲೇ. ಇಮೇಲ್ ಕಳಿಸಲು ಬೇಕಾದ 25ನೇ ಪೋರ್ಟನ್ನು (ಸಂಪರ್ಕಕ್ಕೆಂದು ಇರುವ, ಸಂಖ್ಯೆ ಹೊತ್ತ ಬಾಗಿಲು) ಬಹಳಷ್ಟು ಕಂಪನಿಗಳು ಮುಚ್ಚಿಯೇ ಕೊಡುತ್ತವೆ. ತೆರೆದಿದ್ದರೂ, ನಿಮಗೆ ಸಿಕ್ಕ ಐಪಿ ವಿಳಾಸವನ್ನು (ಅಂತರ್ಜಾಲದಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆ) ಹಿಂದೆ ಬಳಸಿದವನು ಸ್ಪ್ಯಾಮ್ ಕಳಿಸಿ ಓಡಿಹೋಗಿರಬಹುದು. ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳ ಕಪ್ಪುಪಟ್ಟಿಯಲ್ಲಿ ಆ ವಿಳಾಸವಷ್ಟೇ ಅಲ್ಲ, ಕೆಲವೊಮ್ಮೆ ಅದರ ಅಕ್ಕಪಕ್ಕದ ವಿಳಾಸಗಳ ಇಡೀ ಸಾಲೇ ಸೇರಿರುತ್ತದೆ. ನೀವು ಎಷ್ಟೇ ಸಜ್ಜನರಾದರೂ ನಿಮ್ಮ ಪತ್ರ ಸ್ಪ್ಯಾಮ್ ಪೆಟ್ಟಿಗೆಗೇ ಹೋಗುತ್ತದೆ. ಇಮೇಲ್ ಅನ್ನು ಅದೇ ಕಸುಬಿನವರಿಗೆ ಬಿಡಿ.

ಹೆಜ್ಜೆ 2: ಜಾಹೀರಾತನ್ನು ಓದುವುದು

‘ಮಿತಿಯಿಲ್ಲದ ಬ್ಯಾಂಡ್‌ವಿಡ್ತ್’ ಎಂದಿದ್ದರೆ ಬಳಕೆಯ ನಿಯಮಗಳ ಪುಟ ತೆರೆಯಿರಿ. ಮಿತಿ ಅಲ್ಲಿ ಅಡಗಿರುತ್ತದೆ. ತಿಂಗಳಿಗೆ 1 ಟಿಬಿ (1,000 ಜಿಬಿ) ಮಾಹಿತಿ ಸಾಗಿಸಬಹುದು ಎಂದು ನೇರವಾಗಿ ಹೇಳುವ ಕಂಪನಿಯೇ ವಾಸಿ. 1 ಟಿಬಿ ಎಂದರೆ ತಿಂಗಳಿಡೀ ಎಡೆಬಿಡದೆ ಸೆಕೆಂಡಿಗೆ ಸುಮಾರು 3 ಮೆಗಾಬಿಟ್ ಹರಿಸಿದಂತೆ. ಸಣ್ಣ ತಾಣಕ್ಕೆ ಇದು ಮುಗಿಯದ ಗಂಟು, ವಿಡಿಯೊ ಹಂಚುವವರಿಗೆ ಕೆಲವೇ ದಿನಗಳ ಮಾತು.

‘ಶೇ 99.9 ಅಪ್‌ಟೈಮ್’ ಎಂಬ ಸಾಲು ಎಲ್ಲ ಕಡೆಯೂ ಇರುತ್ತದೆ. ಅದರ ಪ್ರಕಾರ ತಿಂಗಳಿಗೆ 43 ನಿಮಿಷ ಸರ್ವರ್ ಬಿದ್ದಿರಬಹುದು. ಶೇ 99 ಎಂದರೆ 7 ಗಂಟೆಗೂ ಹೆಚ್ಚು. ನೋಡಬೇಕಾದ್ದು ಮಾತು ತಪ್ಪಿದರೆ ಏನು ಕೊಡುತ್ತಾರೆ ಎಂಬುದನ್ನು. ಸಾಮಾನ್ಯವಾಗಿ ಸಿಗುವುದು ಆ ತಿಂಗಳ ಬಾಡಿಗೆಯ ಒಂದು ಪಾಲು. ಬಾಡಿಗೆಯೇ ಪುಡಿಗಾಸು ಆಗಿರುವಾಗ ಪರಿಹಾರ ಎಷ್ಟಿದ್ದೀತು!

ಐಪಿ ವಿಳಾಸದ ಸಾಲನ್ನು ಕಣ್ಣರಳಿಸಿ ಓದಿ. ಐಪಿವಿ4 ಎಂಬ ಹಳೆಯ ಮಾದರಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಹಂಚಲು ಇದ್ದ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಅಲ್ಲಿಂದೀಚೆಗೆ ಅವು ಬೆಲೆ ಕಟ್ಟಿ ಮಾರುವ ಸರಕು. ಅಮೆಜಾನ್ ಕೂಡ 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಯ ಲೆಕ್ಕದಲ್ಲಿ ಹಣ ಕೇಳುತ್ತಿದೆ. ಆದ್ದರಿಂದ ತೀರಾ ಅಗ್ಗದ ಯೋಜನೆಗಳಲ್ಲಿ ಐಪಿವಿ6 ಎಂಬ ಹೊಸ ಮಾದರಿಯ ವಿಳಾಸ ಮಾತ್ರ ಇರಬಹುದು, ಇಲ್ಲವೇ ಒಂದೇ ವಿಳಾಸವನ್ನು ಹಲವರಿಗೆ ಹಂಚಿ ನಿಮಗೆ ಕೆಲವು ಪೋರ್ಟ್‌ಗಳನ್ನಷ್ಟೇ ಬಿಟ್ಟುಕೊಟ್ಟಿರಬಹುದು. ಇದನ್ನು ‘ನ್ಯಾಟ್ ವಿಪಿಎಸ್’ ಎಂದು ಕರೆಯುತ್ತಾರೆ. ಪ್ರಯೋಗಕ್ಕೆ ಸಾಕು, ಸಾರ್ವಜನಿಕ ತಾಣಕ್ಕೆ ಕಿರಿಕಿರಿ.

ಕೊನೆಯದಾಗಿ, ಮೊದಲ ವರ್ಷದ ಬೆಲೆಯನ್ನಲ್ಲ, ನವೀಕರಣದ ಬೆಲೆಯನ್ನು ಹುಡುಕಿ. ಅದು ಎಲ್ಲೂ ಕಾಣದಿದ್ದರೆ ಅನುಮಾನಪಡಿ.

ಹೆಜ್ಜೆ 3: ಹಣ ಕಟ್ಟುವ ಮೊದಲು

ಕಂಪನಿಯ ಡೊಮೇನ್ (ತಾಣದ ಹೆಸರು) ಯಾವಾಗ ನೋಂದಣಿಯಾಯಿತು ಎಂಬುದನ್ನು ಹೂಈಸ್ (WHOIS) ಹುಡುಕಾಟದಲ್ಲಿ ಸಾಮಾನ್ಯವಾಗಿ ಯಾರು ಬೇಕಾದರೂ ನೋಡಬಹುದು. ಮೂರು ತಿಂಗಳ ಹಿಂದೆ ಹುಟ್ಟಿದ ಕಂಪನಿ ‘ಜೀವಮಾನದ ಯೋಜನೆ’ ಮಾರುತ್ತಿದ್ದರೆ, ಯಾರ ಜೀವಮಾನ ಎಂದು ಕೇಳಿಕೊಳ್ಳಬೇಕು. ಗ್ರಾಹಕರಾಗುವ ಮೊದಲೇ ಸಹಾಯ ವಿಭಾಗಕ್ಕೆ ಒಂದು ತಾಂತ್ರಿಕ ಪ್ರಶ್ನೆ ಕಳಿಸಿ: ಡಿಸ್ಕ್ ಯಾವ ಬಗೆಯದು, ಯಂತ್ರವನ್ನು ಹೋಳು ಮಾಡುವ ವರ್ಚುವಲೈಸೇಷನ್ ತಂತ್ರಾಂಶ ಕೆವಿಎಂ ಹೌದೇ ಎಂದು. ಹಣ ಸಿಗುವ ಆಸೆ ಇದ್ದಾಗಲೇ ಎರಡು ದಿನ ಉತ್ತರಿಸದವರು, ಹಣ ಸಿಕ್ಕ ಮೇಲೆ ಚುರುಕಾಗುವುದಿಲ್ಲ.

ಬಾಡಿಗೆ ತಿಂಗಳ ಲೆಕ್ಕದಲ್ಲಿರಲಿ. ವರ್ಷಕ್ಕೆ ಕಟ್ಟಿದರೆ ಉಳಿತಾಯವಾಗುವುದು ನಿಜ, ಆದರೆ ಅದನ್ನು ಕೆಲವು ತಿಂಗಳ ಅನುಭವದ ನಂತರ ಯೋಚಿಸಿ. ಡೊಮೇನ್ ಹೆಸರನ್ನು ಮಾತ್ರ ಯಾವ ಕಾರಣಕ್ಕೂ ಇದೇ ಕಂಪನಿಯಲ್ಲಿ ಕೊಳ್ಳಬೇಡಿ. ಸರ್ವರ್ ಹೋದರೆ ಇನ್ನೊಂದು ಸಿಗುತ್ತದೆ. ಹೆಸರೂ ಅವರ ಕೈಯಲ್ಲೇ ಸಿಕ್ಕಿಕೊಂಡರೆ ಹೊಸ ಸರ್ವರ್‌ಗೆ ಜನರನ್ನು ಕರೆತರುವ ದಾರಿಯೇ ಮುಚ್ಚುತ್ತದೆ.

ಹೆಜ್ಜೆ 4: ಮೊದಲ ದಿನಗಳಲ್ಲೇ ಒರೆಗೆ ಹಚ್ಚಿ

ಹಣ ಹಿಂದಿರುಗಿಸುವ ಅವಧಿ ಇರುವಾಗಲೇ ಪರೀಕ್ಷೆ ಮುಗಿಯಬೇಕು. ಒಳಗೆ ಹೋದೊಡನೆ ‘ಟಾಪ್’ (top) ಆಜ್ಞೆ ಕೊಡಿ. ಮೇಲಿನ ಸಾಲುಗಳಲ್ಲಿ ಪ್ರೊಸೆಸರ್ ಬಳಕೆಯ ಶೇಕಡಾವಾರು ಅಂಕಿಗಳು ಸಾಲಾಗಿ ನಿಂತಿರುತ್ತವೆ. ಸಾಲಿನ ಬಲತುದಿಯಲ್ಲಿ ‘ಎಸ್‌ಟಿ’ (st) ಎಂಬ ಎರಡು ಅಕ್ಷರದ ಪಕ್ಕ ಒಂದು ಸಂಖ್ಯೆ ಇರುತ್ತದೆ. ನಿಮ್ಮ ಸರ್ವರ್‌ಗೆ ಕೆಲಸ ಮಾಡಬೇಕಿತ್ತು, ಆದರೆ ಪ್ರೊಸೆಸರ್ ಆ ಹೊತ್ತಿನಲ್ಲಿ ಬೇರೆಯವರ ಸೇವೆಯಲ್ಲಿತ್ತು ಎಂಬ ಕಾಲದ ಪಾಲು ಅದು. ನೆರೆಯವರ ಗದ್ದಲವನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಸುಮ್ಮನೆ ಕುಳಿತ ಸರ್ವರ್‌ನಲ್ಲಿ ಈ ಸಂಖ್ಯೆ ಸೊನ್ನೆಯೇ ಇರುತ್ತದೆ, ಏಕೆಂದರೆ ಕೇಳದವನಿಗೆ ನಿರಾಕರಣೆಯೂ ಇಲ್ಲ. ಆದ್ದರಿಂದ ದೊಡ್ಡ ಕಡತವೊಂದನ್ನು ಕುಗ್ಗಿಸುವ ಕೆಲಸಕ್ಕೆ ಹಚ್ಚಿ, ಅದು ನಡೆಯುತ್ತಿರುವಾಗ ನೋಡಿ. ಒಂದು ಎರಡರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಹತ್ತನ್ನು ದಾಟಿ ಅಲ್ಲೇ ನಿಂತರೆ ಆ ಯಂತ್ರದಲ್ಲಿ ಜನ ಕಿಕ್ಕಿರಿದಿದ್ದಾರೆ ಎಂದು ತಿಳಿಯಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೇರೆಬೇರೆ ಹೊತ್ತಿನಲ್ಲಿ ನೋಡುವುದು ಮುಖ್ಯ. ಭಾನುವಾರ ನಸುಕಿನಲ್ಲಿ ಎಲ್ಲ ಸರ್ವರ್‌ಗಳೂ ಒಳ್ಳೆಯವೇ.

ಡಿಸ್ಕ್‌ನ ಸರದಿ. 1 ಜಿಬಿ ಕಡತ ಬರೆಸಿ ವೇಗ ನೋಡುವ ‘ಡಿಡಿ’ (dd) ಪರೀಕ್ಷೆ ಎಲ್ಲರಿಗೂ ಗೊತ್ತು. ಆದರೆ ಬರೆದದ್ದು ಡಿಸ್ಕ್‌ಗೆ ತಲುಪುವವರೆಗೂ ಕಾಯುವಂತೆ ‘ಎಫ್‌ಡೇಟಾಸಿಂಕ್’ (conv=fdatasync) ಸೇರಿಸದಿದ್ದರೆ ನೀವು ಅಳೆಯುವುದು ಮೆಮೊರಿಯ ವೇಗವನ್ನು. ಅದಕ್ಕಿಂತ ಹೆಚ್ಚು ಹೇಳುವುದು ‘ಎಫ್‌ಐಒ’ (fio) ತಂತ್ರಾಂಶದಲ್ಲಿ 4 ಕೆಬಿ ಚೂರುಗಳನ್ನು ಅಲ್ಲಲ್ಲಿ ಓದಿಸುವ ಪರೀಕ್ಷೆ, ಏಕೆಂದರೆ ಡೇಟಾಬೇಸ್ ಕೆಲಸ ಮಾಡುವುದು ಹೆಚ್ಚಾಗಿ ಹಾಗೆಯೇ. ತಿರುಗುವ ಹಳೆಯ ಡಿಸ್ಕ್ ಸೆಕೆಂಡಿಗೆ ನೂರು ಇನ್ನೂರು ಬಾರಿ ಓದಿ ಸುಸ್ತಾಗುತ್ತದೆ; ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಸಾವಿರಗಟ್ಟಲೆ ಸಲೀಸಾಗಿ ಓದುತ್ತದೆ. ಎಸ್‌ಎಸ್‌ಡಿ ಎಂದು ಮಾರಿದ್ದು ಮುನ್ನೂರಕ್ಕೇ ಏದುಸಿರು ಬಿಟ್ಟರೆ ಹಣ ವಾಪಸು ಕೇಳಲು ಅಷ್ಟು ಸಾಕು.

ದೂರವನ್ನೂ ಮರೆಯಬೇಡಿ. ಬೆಳಕು ಫೈಬರ್‌ನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಸಾಗುತ್ತದೆ. ಸರ್ವರ್ 10,000 ಕಿಲೊಮೀಟರ್ ಆಚೆಗಿದ್ದರೆ ಹೋಗಿ ಬರಲು ಕನಿಷ್ಠ 100 ಮಿಲಿಸೆಕೆಂಡ್ ಬೇಕೇ ಬೇಕು. ದುಬಾರಿ ಯಂತ್ರ ಕೊಂಡರೂ ಈ ಲೆಕ್ಕ ಬದಲಾಗುವುದಿಲ್ಲ. ಓದುಗರು ಇರುವ ಕಡೆಯಿಂದ ಪಿಂಗ್ ಮಾಡಿ (ಹೋಗಿ ಬರುವ ಸಮಯ ಅಳೆಯುವ ಆಜ್ಞೆ) ನೋಡಿ, ನೀವಿರುವ ಕಡೆಯಿಂದಲ್ಲ.

ಹೆಜ್ಜೆ 5: ಬಾಗಿಲು ಭದ್ರಪಡಿಸಿ

ಅಗ್ಗದ ಸರ್ವರ್‌ಗೆ ಕಾವಲುಗಾರ ನೀವೇ. ಮೊದಲ ದಿನವೇ ತಂತ್ರಾಂಶಗಳನ್ನು ನವೀಕರಿಸಿ, ಭದ್ರತಾ ನವೀಕರಣಗಳು ತಾನಾಗಿಯೇ ಆಗುವಂತೆ ಮಾಡಿ. ದೂರದಿಂದ ಸರ್ವರ್‌ನ ಒಳಹೋಗಲು ಬಳಸುವ ಎಸ್‌ಎಸ್‌ಎಚ್ ಕೀಲಿಯಿಂದ (ಪಾಸ್‌ವರ್ಡ್ ಬದಲಿನ ಗೂಢ ಕಡತ) ಪ್ರವೇಶ ಸಿಗುತ್ತಿದೆ ಎಂದು ಖಚಿತಪಡಿಸಿಕೊಂಡ ಮೇಲೆ ಪಾಸ್‌ವರ್ಡ್ ಪ್ರವೇಶವನ್ನು ಮುಚ್ಚಿ. ಕ್ರಮ ತಿರುಗುಮುರುಗಾದರೆ ನೀವೇ ಹೊರಗುಳಿಯುತ್ತೀರಿ. ಬೇಕಾದ ಪೋರ್ಟ್‌ಗಳನ್ನಷ್ಟೇ ತೆರೆಯಿರಿ. ತಾಣದ ಸಂಪರ್ಕವನ್ನು ಸುರಕ್ಷಿತಗೊಳಿಸುವ ಪ್ರಮಾಣಪತ್ರಕ್ಕೆ ಹಣ ಕೇಳಿದರೆ ಕೊಡಬೇಡಿ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಅದನ್ನು ಉಚಿತವಾಗಿ ಕೊಡುತ್ತದೆ.

ಮೆಮೊರಿ 1 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಂದಿಷ್ಟು ಸ್ವಾಪ್ ಜಾಗ (ಮೆಮೊರಿಯಂತೆ ಬಳಸುವ ಡಿಸ್ಕ್‌ನ ಭಾಗ) ಕಟ್ಟಿಕೊಳ್ಳಿ. ಮೆಮೊರಿ ಮುಗಿದಾಗ ಲಿನಕ್ಸ್ ಯಾವುದಾದರೊಂದು ಪ್ರೋಗ್ರಾಮನ್ನು ಕೊಂದು ಉಳಿದವನ್ನು ಬದುಕಿಸುತ್ತದೆ. ಬಲಿಯಾಗುವುದು ಹೆಚ್ಚು ಮೆಮೊರಿ ಹಿಡಿದಿರುವ ಪ್ರೋಗ್ರಾಮ್. ಸಣ್ಣ ಸರ್ವರ್‌ನಲ್ಲಿ ಅದು ಸಾಮಾನ್ಯವಾಗಿ ಡೇಟಾಬೇಸೇ.

ಹೆಜ್ಜೆ 6: ಪ್ರತಿ ಹೊರಗಿರಲಿ

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ನಾಶವಾಯಿತು, ಪಕ್ಕದ್ದಕ್ಕೂ ಹಾನಿಯಾಯಿತು. ಬ್ಯಾಕಪ್ ಇದೆ ಎಂದು ನಂಬಿದ್ದ ಕೆಲವು ಗ್ರಾಹಕರ ಬ್ಯಾಕಪ್ಪೂ ಅದೇ ಆವರಣದಲ್ಲಿತ್ತು. ಓವಿಎಚ್ ಯುರೋಪಿನ ಅತಿ ದೊಡ್ಡ ಹೋಸ್ಟಿಂಗ್ ಕಂಪನಿಗಳಲ್ಲಿ ಒಂದು. ಅಂಥವರಲ್ಲೇ ಹೀಗಾಗುವುದಾದರೆ, ಒಬ್ಬನೇ ನಡೆಸುವ ಕಂಪನಿಯ ‘ಉಚಿತ ಸ್ನ್ಯಾಪ್‌ಶಾಟ್’ (ಡಿಸ್ಕ್‌ನ ಆ ಕ್ಷಣದ ನಕಲು) ಮೇಲೆ ಭಾರ ಹಾಕಿ ಕೂರುವಂತಿಲ್ಲ.

ಪ್ರತಿ ಬೇರೆ ಕಂಪನಿಯಲ್ಲಿರಬೇಕು ಅಥವಾ ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿರಬೇಕು. ರೆಸ್ಟಿಕ್, ಬೋರ್ಗ್ ಎಂಬ ಉಚಿತ ತಂತ್ರಾಂಶಗಳು ಬದಲಾದ ಭಾಗವನ್ನಷ್ಟೇ ಗೂಢಲಿಪಿಯಲ್ಲಿ ಕಳಿಸುತ್ತವೆ, ಹೀಗಾಗಿ ಜಾಗವೂ ಉಳಿಯುತ್ತದೆ. ಡೇಟಾಬೇಸ್ ಓಡುತ್ತಿರುವಾಗಲೇ ಅದರ ಕಡತಗಳನ್ನು ನಕಲಿಸಬೇಡಿ, ಅರೆಬರೆ ಬರೆದ ಸ್ಥಿತಿಯ ನಕಲು ಸಿಗುತ್ತದೆ. ಅದರ ಮಾಹಿತಿಯನ್ನು ಒಂದು ಕಡತವಾಗಿ ಹೊರತೆಗೆದು (ಇದೇ ಡಂಪ್) ಅದನ್ನು ಕಳಿಸಿ. ಇನ್ನೂ ಒಂದು ಮಾತಿದೆ. ಸರ್ವರ್ ತಾನೇ ಹೋಗಿ ಬ್ಯಾಕಪ್ ಬರೆಯುವುದಾದರೆ, ಅದರೊಳಗೆ ನುಸುಳಿದವನಿಗೂ ಆ ಬ್ಯಾಕಪ್ ಅಳಿಸುವ ದಾರಿ ಸಿಗುತ್ತದೆ. ಮನೆಯ ಯಂತ್ರವೇ ಸರ್ವರ್‌ನಿಂದ ಪ್ರತಿಯನ್ನು ಎಳೆದುಕೊಳ್ಳುವಂತೆ ಮಾಡುವುದು ಲೇಸು.

ಹೆಜ್ಜೆ 7: ತಾಲೀಮು

ಗಂಟೆ ಲೆಕ್ಕದಲ್ಲಿ ಸಿಗುವ ಇನ್ನೊಂದು ಸರ್ವರನ್ನು ಬಾಡಿಗೆಗೆ ಹಿಡಿದು, ಬ್ಯಾಕಪ್‌ನಿಂದ ತಾಣವನ್ನು ಎಬ್ಬಿಸಿ ನೋಡಿ. ಯಾವ ಪಾಸ್‌ವರ್ಡ್ ಎಲ್ಲೂ ಬರೆದಿಟ್ಟಿಲ್ಲ, ಯಾವ ಸೆಟ್ಟಿಂಗ್ ಕೈಯಾರೆ ಮಾಡಿದ್ದು ಮರೆತುಹೋಗಿದೆ ಎಂಬುದು ಹೊರಬೀಳುವುದು ಆಗಲೇ. ಮಾಡಿದ್ದನ್ನೆಲ್ಲ ಕ್ರಮವಾಗಿ ಒಂದು ಕಡತದಲ್ಲಿ ಬರೆಯಿರಿ. ಅದೂ ಸರ್ವರ್‌ನ ಹೊರಗಿರಲಿ. ಡೊಮೇನ್‌ನ ಟಿಟಿಎಲ್ ಅವಧಿಯನ್ನು (ಅದರ ಐಪಿ ವಿಳಾಸವನ್ನು ಇತರ ಯಂತ್ರಗಳು ನೆನಪಿಟ್ಟುಕೊಳ್ಳುವ ಕಾಲ) 300 ಸೆಕೆಂಡಿಗೆ ಇಳಿಸಿಟ್ಟರೆ, ವಿಳಾಸ ಬದಲಿಸಿದಾಗ ಹೆಚ್ಚಿನ ಓದುಗರು ಕೆಲವೇ ನಿಮಿಷಗಳಲ್ಲಿ ಹೊಸ ಕಡೆ ಬರುತ್ತಾರೆ.

ಈ ತಾಲೀಮಿಗೆ ಒಂದು ರಜಾದಿನ ಹೋಗುತ್ತದೆ. ಆ ದಿನವನ್ನೂ ಬಾಡಿಗೆಯ ಜೊತೆ ಕೂಡಿಸಿ ಲೆಕ್ಕ ಹಾಕಿ. ಇಂಥ ಕೆಲಸದಲ್ಲಿ ಖುಷಿ ಕಾಣುವವರಿಗೆ ಅಗ್ಗದ ಸರ್ವರ್ ನಿಜಕ್ಕೂ ಅಗ್ಗ. ತಾಣ ನಡೆದರೆ ಸಾಕು, ಒಳಗೇನಾಗುತ್ತದೆ ಎಂಬುದು ಬೇಡ ಎನ್ನುವವರು ಎರಡು ಪಟ್ಟು ಕೊಟ್ಟು ನಿರ್ವಹಣೆ ಸಹಿತ ಹೋಸ್ಟಿಂಗ್ ಕೊಳ್ಳುವುದೇ ಜಾಣತನ ಎಂದು ನನ್ನ ಅಭಿಪ್ರಾಯ.

ಹೆಜ್ಜೆ 8: ಬಿಟ್ಟು ಹೋಗುವಾಗ

ಸಹಾಯ ವಿಭಾಗ ಮೌನವಾದರೆ, ವಿಪರೀತ ರಿಯಾಯಿತಿಯಲ್ಲಿ ಬಹುವರ್ಷದ ಯೋಜನೆಗಳನ್ನು ಏಕಾಏಕಿ ಮಾರತೊಡಗಿದರೆ, ನಿಯಂತ್ರಣ ಫಲಕ ದಿನಗಟ್ಟಲೆ ತೆರೆಯದಿದ್ದರೆ ಹೊರಡುವ ಕಾಲ ಬಂದಿದೆ. ಹೊಸ ಸರ್ವರ್ ಸಿದ್ಧವಾದ ಮೇಲೂ ಹಳೆಯದನ್ನು ಎರಡು ಮೂರು ದಿನ ಓಡಲು ಬಿಡಿ. ಕಾರ್ಡ್‌ನಿಂದ ತಾನಾಗಿ ಹಣ ಹೋಗುವ ಏರ್ಪಾಡನ್ನು ರದ್ದು ಮಾಡಿ, ಒಳಗಿನ ಮಾಹಿತಿ ಅಳಿಸಿ.

ಅನೇಕರು ಮರೆಯುವುದು ಡೊಮೇನ್ ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ಉಳಿದ ಹಳೆಯ ನಮೂದುಗಳನ್ನು. ಮುಖ್ಯ ತಾಣದ ವಿಳಾಸ ಬದಲಿಸಿರುತ್ತಾರೆ, ಪರೀಕ್ಷೆಗೆಂದು ಮಾಡಿದ ಉಪಡೊಮೇನ್ ಇನ್ನೂ ಹಳೆಯ ಐಪಿಯನ್ನೇ ತೋರಿಸುತ್ತಿರುತ್ತದೆ. ಆ ಐಪಿ ನಾಳೆ ಇನ್ನೊಬ್ಬ ಗ್ರಾಹಕನ ಪಾಲಾಗುತ್ತದೆ. ಅವನು ಮನಸ್ಸು ಮಾಡಿದರೆ ನಿಮ್ಮ ಉಪಡೊಮೇನ್‌ನ ಹೆಸರಿನಲ್ಲೇ ಪ್ರಮಾಣಪತ್ರ ಪಡೆದು ತನ್ನ ಪುಟ ತೋರಿಸಬಹುದು. ಸರ್ವರ್ ರದ್ದು ಮಾಡುವ ಗುಂಡಿ ಒತ್ತುವ ಮೊದಲು ಆ ನಮೂದುಗಳನ್ನು ಒಂದೊಂದಾಗಿ ತೆಗೆಯಿರಿ.