ಲೀಸೆಲೊಟ್ಟೆಯ ಪತ್ರಗಳನ್ನು ಓದುವುದು ಹೇಗೆ?

ಫ್ರಾನ್ಸಿನ ಅರಮನೆಯಿಂದ ಲೀಸೆಲೊಟ್ಟೆ ತನ್ನವರಿಗೆ ಬರೆದ ಪತ್ರಗಳ ಪುಸ್ತಕವನ್ನು ಮೊದಲ ಪುಟದಿಂದ ಶುರು ಮಾಡಬೇಡಿ. ನಾನು ಹಾಗೆ ಮಾಡಿ, ಬಿರುದುಗಳ ಗೊಂದಲದಲ್ಲಿ ಐವತ್ತು ಪುಟಕ್ಕೇ ನಿಲ್ಲಿಸಿಬಿಟ್ಟಿದ್ದೆ. ನೇರವಾಗಿ 1689ರ ಮಾರ್ಚ್ ತಿಂಗಳ ಪತ್ರಗಳಿಗೆ ಹೋಗಿ.

ಅದಕ್ಕೆ ಮುಂಚೆ ಇಷ್ಟು ಗೊತ್ತಿದ್ದರೆ ಸಾಕು. ಲೀಸೆಲೊಟ್ಟೆ 1652ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಹುಟ್ಟಿದವಳು, ಜರ್ಮನಿಯ ಪ್ಯಾಲಟಿನೇಟ್ ನಾಡಿನ ದೊರೆಯ ಮಗಳು. 1671ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಫ್ರಾನ್ಸಿನ ರಾಜ 14ನೇ ಲೂಯಿಯ ತಮ್ಮ, ಓರ್ಲಿಯಾನ್ಸ್ ಡ್ಯೂಕ್ ಫಿಲಿಪ್‌ಗೆ ಅವಳನ್ನು ಕೊಟ್ಟರು. ಮಗಳನ್ನು ಕೊಟ್ಟರೆ ಫ್ರಾನ್ಸ್ ತಮ್ಮ ನಾಡಿನ ತಂಟೆಗೆ ಬರಲಾರದು ಅಂತ ಅಪ್ಪನ ಲೆಕ್ಕ. ಮದುವೆಗಾಗಿ ಅವಳು ಕ್ಯಾಥೊಲಿಕ್ ಪಂಥಕ್ಕೂ ಸೇರಬೇಕಾಯಿತು.

ಆಗಿದ್ದೇ ಬೇರೆ. 1685ರಲ್ಲಿ, ಅಪ್ಪನ ನಂತರ ದೊರೆಯಾಗಿದ್ದ ಅವಳ ಅಣ್ಣ ಮಕ್ಕಳಿಲ್ಲದೆ ಸತ್ತ. ತನ್ನ ತಮ್ಮನ ಹೆಂಡತಿಗೆ ತವರಿನ ಆಸ್ತಿಯಲ್ಲಿ ಪಾಲಿದೆ ಅಂತ ಲೂಯಿ ಹಕ್ಕು ಹೂಡಿದ. 1688ರಲ್ಲಿ ಸೈನ್ಯ ಕಳಿಸಿದ. ಮರುವರ್ಷ ಹೈಡೆಲ್‌ಬರ್ಗ್ ಹೊತ್ತಿ ಉರಿಯಿತು, ಮಾನ್‌ಹೈಮ್ ನೆಲಸಮವಾಯಿತು. ಅವಳ ಹೆಸರು ಹೇಳಿಕೊಂಡೇ ಅವಳ ತವರನ್ನು ಸುಟ್ಟರು. ರಾತ್ರಿ ಕಣ್ಣು ಮುಚ್ಚಿದರೆ ಹಾಳಾದ ಊರೇ ಕಣ್ಣ ಮುಂದೆ ಬರುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ ಅಂತ ಬರೆಯುತ್ತಾಳೆ. ಇದನ್ನು ಓದಿದ ಮೇಲೆ ಹಿಂದಿನ ಪತ್ರಗಳೂ ಮುಂದಿನವೂ ತಾವಾಗಿಯೇ ತೆರೆದುಕೊಳ್ಳುತ್ತವೆ.

ಈಗ ಮುಖ್ಯವಾದ ಮಾತು. ಪ್ರತಿ ಪತ್ರ ಯಾರಿಗೆ, ಯಾರ ಕೈಯಲ್ಲಿ ಹೋಯಿತು ಅಂತ ಮೊದಲು ನೋಡಿ. ಅಂಚೆಯಲ್ಲಿ ಹೋಗುವ ಪತ್ರವನ್ನು ಅರಮನೆಯವರು ಒಡೆದು ಓದುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಹಾಗಾಗಿ ಅಂಚೆ ಪತ್ರದಲ್ಲಿ ರಾಜನ ಹೊಗಳಿಕೆ ಜಾಸ್ತಿ ಕಂಡರೆ ಹಾಗೇ ನಂಬಬೇಡಿ. ಪರಿಚಯದವರ ಕೈಯಲ್ಲಿ ಕಳಿಸಿದ್ದರೆ ಅಲ್ಲಿ ಮನಸ್ಸು ಬಿಚ್ಚಿರುತ್ತಾಳೆ. ನಾನು ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಅಂಚೆ’, ‘ಕೈ’ ಅಂತ ಗುರುತು ಹಾಕುತ್ತೇನೆ.

ಇಬ್ಬರ ಹೆಸರು ನೆನಪಿಡಿ. ಹ್ಯಾನೋವರ್‌ನ ಸೋಫಿ ಅವಳ ಸೋದರತ್ತೆ. ಅಪ್ಪ ಅಮ್ಮ ಬೇರೆಯಾದಾಗ ಏಳರಿಂದ ಹನ್ನೊಂದು ವರ್ಷದವರೆಗೆ ಸಾಕಿದವಳು. ಹೆತ್ತ ತಾಯಿಗಿಂತ ಹೆಚ್ಚು ಅಲ್ವಾ? 1714ರಲ್ಲಿ ಸೋಫಿ ತೀರಿಕೊಂಡ ಮೇಲೆ ಮಲತಂಗಿ ಲೂಯಿಸಾಳೇ ದೊಡ್ಡ ಆಸರೆ. ರಾಜ ಗುಟ್ಟಾಗಿ ಮದುವೆಯಾದ ಮದಾಂ ದ ಮಾಂತನೋನ್ ಬಗ್ಗೆ ಬರೆದದ್ದನ್ನು ಮಾತ್ರ ಎಚ್ಚರದಿಂದ ಓದಿ. ಅಲ್ಲಿ ಬರೀ ದ್ವೇಷ ಮಾತಾಡುತ್ತದೆ.

ಜರ್ಮನ್ ಸ್ವಲ್ಪ ಬಂದರೆ ಜೋರಾಗಿ ಓದಿ. ಅವಳ ಕಾಗುಣಿತ ಮನಸ್ಸಿಗೆ ಬಂದ ಹಾಗಿದೆ, ನಡುನಡುವೆ ಫ್ರೆಂಚ್ ಬೆರೆಯುತ್ತದೆ. ಕಣ್ಣಿಗೆ ಕಷ್ಟವಾದದ್ದು ಕಿವಿಗೆ ಸಲೀಸು.

ಊಟದ ಮಾತು ಬಂದಾಗ ದಾಟಿ ಹೋಗಬೇಡಿ. ಐವತ್ತು ವರ್ಷ ಫ್ರಾನ್ಸಿನಲ್ಲಿದ್ದರೂ ಚಹಾ, ಕಾಫಿ, ಚಾಕೊಲೇಟ್ ಅವಳಿಗೆ ಸೇರಲಿಲ್ಲ. ಬಿಯರ್ ಸೂಪ್, ಹುಳಿ ಎಲೆಕೋಸು ಬೇಕು ಅನ್ನುತ್ತಿದ್ದಳು. ತವರು ನಾಲಿಗೆಯಲ್ಲೇ ಉಳಿದಿತ್ತು.

ಹೈಡೆಲ್‌ಬರ್ಗ್ ಕೋಟೆಗೆ ಹೋಗುವುದಿದ್ದರೆ ಕೊನೆಗೆ ಹೋಗಿ, ಪತ್ರ ಓದಿದ ಮೇಲೆ. 1693ರಲ್ಲಿ ಮದ್ದಿಟ್ಟು ಸಿಡಿಸಿದ ಬುರುಜು ಈಗಲೂ ಸೀಳಿಕೊಂಡೇ ನಿಂತಿದೆ. ಆ ಬೆಟ್ಟದ ಮೇಲೆ ಬೆಳಗಿನ ಐದು ಗಂಟೆಗೆ ರೊಟ್ಟಿಯ ಜೊತೆ ಚೆರ್ರಿ ತಿಂದದ್ದನ್ನು ಅವಳು ಮುದುಕಿಯಾದ ಮೇಲೂ ನೆನೆದು ಬರೆದಿದ್ದಾಳೆ. 1722ರಲ್ಲಿ ಸಾಯುವವರೆಗೂ ಮತ್ತೆ ಅಲ್ಲಿಗೆ ಹೋಗಲಾಗಲಿಲ್ಲ. ಜೂನ್‌ನಲ್ಲಿ ಹೋದರೆ ಚೆರ್ರಿ ಸಿಗುತ್ತದೆ. ಒಂದು ಪೊಟ್ಟಣ ಕಟ್ಟಿಸಿಕೊಂಡು, ಜನ ಸೇರುವ ಮುಂಚೆ ಬೆಟ್ಟ ಹತ್ತಿ.