ನಿಷೇಧದ 61 ದಿನ: ಬೋಟನ್ನು ಕಡಲಿಗೆ ಸಜ್ಜುಗೊಳಿಸುವುದು ಹೇಗೆ?

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ, ಕಾರವಾರದ ಬಂದರುಗಳಲ್ಲಿ ಬೋಟುಗಳು ಒತ್ತೊತ್ತಾಗಿ ನಿಲ್ಲುವ ಈ ಕಾಲದಲ್ಲೇ ದುರಸ್ತಿ ಮುಗಿಯಬೇಕು. ಕೊನೆಯ ವಾರಕ್ಕೆ ದೂಡಿದರೆ ಮೆಕ್ಯಾನಿಕ್ ಸಿಗುವುದೂ ಕಷ್ಟ.

ಮೊದಲ ಕೆಲಸ ಎಂಜಿನ್‌ನದು. ಬೋಟು ದಡ ಸೇರಿದ ದಿನವೇ, ಎಂಜಿನ್ ಬಿಸಿಯಿರುವಾಗಲೇ ಹಳೆಯ ಆಯಿಲ್ ಇಳಿಸಿ ಹೊಸದನ್ನು ತುಂಬಿ. ಆಗಸ್ಟ್‌ನಲ್ಲಿ ಬದಲಿಸಿದರಾಯಿತು ಎಂದು ಬಿಟ್ಟರೆ, ಬಳಸಿದ ಆಯಿಲ್‌ನ ಆಮ್ಲ ಎರಡು ತಿಂಗಳು ಬೇರಿಂಗ್‌ಗಳನ್ನು ತಿನ್ನುತ್ತದೆ. ಡೀಸೆಲ್ ಟ್ಯಾಂಕ್ ತುಂಬಿರಲಿ. ಖಾಲಿ ಜಾಗದ ತೇವ ನೀರಾಗಿ ತಳ ಸೇರುತ್ತದೆ.

ಬೋಟನ್ನು ನೀರಿನಿಂದ ಮೇಲೆಳೆಯುವ ಇಳಿಜಾರು ಸ್ಲಿಪ್‌ವೇಗೆ ಎಳೆದ ಕೂಡಲೇ, ತಳ ಒದ್ದೆಯಿರುವಾಗಲೇ ಅಂಟಿದ ಚಿಪ್ಪು, ಪಾಚಿಗಳನ್ನು ಕೆರೆದು ಸಿಹಿನೀರಿನಲ್ಲಿ ತೊಳೆಯಿರಿ. ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುತ್ತವೆ. ಫೈಬರ್ ಬೋಟಾದರೆ ಮರದ ಸುತ್ತಿಗೆಯಿಂದ ಇಡೀ ತಳವನ್ನು ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಜಾಗ ಕಣಕಣ ಎನ್ನುತ್ತದೆ, ಪದರ ಬಿಟ್ಟ ಜಾಗದಲ್ಲಿ ಸದ್ದು ಮಂಕಾಗುತ್ತದೆ. ಅಲ್ಲಿ ಗುರುತು ಹಾಕಿ, ಟಾರ್ಪಾಲು ಕಟ್ಟಿ, ಪೂರ್ತಿ ಒಣಗಲು ಬಿಡಿ. ತೇವದ ಮೇಲೆ ಹಚ್ಚಿದ ರೆಸಿನ್ (ಫೈಬರ್ ತೇಪೆಯ ಅಂಟು) ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಆತುರದ ತೇಪೆ ಬಹುಬೇಗ ಬಿಟ್ಟುಹೋಗಲು ಇದೇ ಕಾರಣ. ರೆಸಿನ್‌ಗೆ ಮೊದಲು ಅದು ಬೇಗ ಗಟ್ಟಿಯಾಗಲು ನೆರವಾಗುವ ಕೋಬಾಲ್ಟ್ ದ್ರಾವಣ ಬೆರೆಸಿ, ಚೆನ್ನಾಗಿ ಕಲಸಿದ ಬಳಿಕವೇ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಹಾಕಿ. ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಬೆರೆಸಿದರೆ ಸ್ಫೋಟವೇ ಆದೀತು. ಹೊಸ ಹುಡುಗರ ಕೈಗೆ ಡಬ್ಬಿ ಕೊಡುವ ಮುನ್ನ ಇದನ್ನು ತಪ್ಪದೆ ಹೇಳಿ.

ಲೋಹದ ಭಾಗಗಳನ್ನು ಕಾಯುವ ಸತುವಿನ ಗಟ್ಟಿ ಅರ್ಧ ಸವೆದಿದ್ದರೆ ಬದಲಿಸಿ. ಅದರ ಮೇಲೆ ಬಣ್ಣ ಬಳಿದರೆ ಅದು ಕೆಲಸ ಮಾಡುವುದಿಲ್ಲ. ಎಂಜಿನ್‌ನಿಂದ ಪ್ರೊಪೆಲ್ಲರ್‌ಗೆ ಹೋಗುವ ಶಾಫ್ಟ್‌ನ ಜೋಡಣೆಯನ್ನು ಬೋಟು ನೀರಿಗಿಳಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ; ನೆಲದ ಮೇಲೆ ಕುಳಿತ ತಳವೂ ತೇಲುವ ತಳವೂ ತುಸು ಬೇರೆ ಬೇರೆಯಾಗಿ ಬಾಗುತ್ತವೆ. ಲೈಫ್ ಜಾಕೆಟ್‌ಗಳು ಪ್ಲಾಸ್ಟಿಕ್ ಹೊದಿಕೆಯಲ್ಲೇ ಮೂಲೆ ಸೇರಬಾರದು. ಬೋಟಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಕಲಾಸಿಯೂ ತೊಟ್ಟು ನೋಡಲಿ.

ಇಷ್ಟಾದರೂ ಆಗಸ್ಟ್ 1ರ ಬೆಳಿಗ್ಗೆ ಹೊರಡಲೇಬೇಕೆಂದಿಲ್ಲ. ನಿಷೇಧ ಮುಗಿಯುವುದು ಕ್ಯಾಲೆಂಡರ್ ಪ್ರಕಾರ, ಆದರೆ ಮುಂಗಾರು ಆಗಲೂ ಕಡಲಿನ ಮೇಲಿರುತ್ತದೆ. ಡೀಸೆಲ್, ಮಂಜುಗಡ್ಡೆಗೆ ಸುರಿದ ಹಣ ಕಣ್ಣೆದುರು ಕರಗುತ್ತಿರುವಾಗ ಕಾಯುವುದು ಎಷ್ಟು ಕಷ್ಟವೆಂಬುದು ಬಂದರಿನವರಿಗೆಲ್ಲ ಗೊತ್ತು. ಆದ್ದರಿಂದ ಮಂಜುಗಡ್ಡೆಯನ್ನು ಹವೆ ಖಚಿತವಾದ ಮೇಲೆಯೇ ತುಂಬಿಸಿ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯ ಜೊತೆಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆ ಮುನ್ಸೂಚನೆಯನ್ನೂ ನೋಡಿ. ಇಲ್ಲಿ ಗಾಳಿಯೇ ಇಲ್ಲದಿದ್ದರೂ ದಕ್ಷಿಣದ ಮಹಾಸಾಗರದಲ್ಲಿ ಎದ್ದ ಉಬ್ಬಲೆ ಕೆಲವು ದಿನಗಳ ಬಳಿಕ ನಮ್ಮ ತೀರ ಮುಟ್ಟಬಹುದು.

ಕೊನೆಯ ಪರೀಕ್ಷೆ ನದಿ ಕಡಲು ಸೇರುವ ಅಳಿವೆಯಲ್ಲಿ. ಇಳಿತದ ನೀರು ಹೊರನುಗ್ಗುವಾಗ ಎದುರಿನಿಂದ ಉಬ್ಬಲೆ ಬಂದರೆ ಅಲೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ಬೋಟು ನಡೆಸುವ ತಾಂಡೇಲ ಎತ್ತರದ ಜಾಗದಲ್ಲಿ ನಿಂತು ಅಲೆಗಳ ಸಾಲನ್ನು ಸಾಕಷ್ಟು ಹೊತ್ತು ಗಮನಿಸಲಿ. ಅಳಿವೆಯ ಅಡ್ಡಗಲಕ್ಕೂ ಬಿಳಿ ನೊರೆ ಕಂಡರೆ ಮುಂದಿನ ಭರತದವರೆಗೆ ಹಗ್ಗ ಬಿಚ್ಚಬೇಡಿ. ಹೊರಟಾಗ ವಿಎಚ್‌ಎಫ್ ರೇಡಿಯೊದಲ್ಲಿ ತುರ್ತು ಕರೆಯ 16ನೇ ಚಾನೆಲ್ ತೆರೆದಿರಲಿ, ಕೋಸ್ಟ್ ಗಾರ್ಡ್‌ನ ತುರ್ತು ಸಹಾಯವಾಣಿ 1554 ಸಂಖ್ಯೆ ಎಲ್ಲರಿಗೂ ತಿಳಿದಿರಲಿ. ಬೋಟಿನಲ್ಲಿರುವವರ ಹೆಸರು ಮತ್ತು ಮರಳುವ ದಿನವನ್ನು ಬರೆದು ದಡದಲ್ಲಿರುವ ಒಬ್ಬರ ಕೈಗೆ ಕೊಡಿ.