ಮುಕ್ತಿನಾಥದ ತೀರ್ಥ, ಅಮ್ಮನ ಹೊಟ್ಟೆ

ಮೊದಲ ಸಲ ನೇಪಾಳಕ್ಕೆ ಹೋದಾಗ ಮೂರನೇ ದಿನಕ್ಕೇ ಹೊಟ್ಟೆ ಕೆಟ್ಟು ಮಲಗಿಬಿಟ್ಟೆ. ಬೀದಿಬದಿಯ ತಿಂಡಿ ಮುಟ್ಟಿರಲೇ ಇಲ್ಲ. ಕಾಠ್ಮಂಡುವಿನ ಒಂದು ಒಳ್ಳೆಯ ಹೋಟೆಲಿನ ಬಫೆಯಲ್ಲೇ ತಿಂದಿದ್ದೆ. ಹೆಚ್ಚಿಟ್ಟ ಪಪ್ಪಾಯಿ, ಸೌತೆಕಾಯಿ, ಆರಿಹೋದ ಪಲ್ಯ. ಹಲ್ಲುಜ್ಜಿದ್ದು ನಲ್ಲಿ ನೀರಲ್ಲಿ. ಮೈ ಸುಡುತ್ತಿದ್ದರೂ ಭೇದಿ ನಿಲ್ಲಿಸುವ ಮಾತ್ರೆ ನುಂಗಿದೆ. ಜ್ವರ ಇದ್ದಾಗ, ಮಲದಲ್ಲಿ ರಕ್ತ ಬಂದಾಗ ಆ ಮಾತ್ರೆ ಸುಮ್ನೆ ನುಂಗಬಾರದು, ವೈದ್ಯರ ಹತ್ತಿರ ಹೋಗಬೇಕು ಅಂತ ಆಮೇಲೆ ಗೊತ್ತಾಯಿತು.

ಹೋದ ವರ್ಷ ಮೇ ಕೊನೆಗೆ ಅಮ್ಮನನ್ನು ನೇಪಾಳದ ಮುಕ್ತಿನಾಥ ದೇವಸ್ಥಾನಕ್ಕೆ ಕರೆದುಕೊಂಡು ಹೊರಟಾಗ ಇದೇ ಚಿಂತೆ. ನಾನಾದರೆ ಎರಡು ದಿನ ಮಲಗಿ ಎದ್ದೇನು. ಅಮ್ಮನಿಗೆ ಅರವತ್ತೆಂಟು, ಬಿಪಿ ಬೇರೆ. 3,700 ಮೀಟರಿನ ಎತ್ತರದಲ್ಲಿ ಮೈಯ ನೀರೆಲ್ಲ ಹೋದರೆ ಏನು ಗತಿ?

ನೀರಿನ ವಿಷಯದಲ್ಲಿ ತುಂಬಾ ಓದಿಕೊಂಡೆ. ಕ್ಲೋರಿನ್ ಮಾತ್ರೆ ಸಾಕು ಅಂದುಕೊಂಡಿದ್ದೆ. ಆದರೆ ನೇಪಾಳದಲ್ಲಿ ಮಳೆಗಾಲದ ಆಸುಪಾಸು ಸೈಕ್ಲೋಸ್ಪೋರಾ ಅನ್ನುವ ಸೂಕ್ಷ್ಮಜೀವಿಯ ಕಾಟ ಜಾಸ್ತಿ. ಅದು ಕ್ಲೋರಿನ್‌ಗೆ ಸಾಯುವುದಿಲ್ಲ, ಕುದಿಸಿದರೆ ಸಾಯುತ್ತದೆ. ಹಾಗಾಗಿ ಚಿಕ್ಕ ಕೆಟಲ್ ಇಟ್ಟುಕೊಂಡೆ. ಎತ್ತರದಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಅದಕ್ಕೇ 2,000 ಮೀಟರ್ ದಾಟಿದ ಮೇಲೆ ಮೂರು ನಿಮಿಷ ಕುದಿಸಬೇಕು. ಕೆಟಲ್ ಕುದಿ ಬಂದ ಕೂಡಲೇ ತಾನೇ ಆಫ್ ಆಗುತ್ತದಲ್ವಾ? ಗಡಿಯಾರ ನೋಡಿಕೊಂಡು ಮತ್ತೆ ಮತ್ತೆ ಸ್ವಿಚ್ ಒತ್ತುತ್ತಿದ್ದೆ. ಕುಡಿಯಲು, ಹಲ್ಲುಜ್ಜಲು, ಅಮ್ಮನ ಮಾತ್ರೆಗೆ, ಎಲ್ಲಕ್ಕೂ ಅದೇ ನೀರು. ದಾರಿಯ ಅಂಗಡಿಗಳಲ್ಲಿ ‘ತಾತೋ ಪಾನಿ’ ಅಂತ ಕೇಳಿದರೆ ಬಿಸಿನೀರು ಕೊಡುತ್ತಾರೆ. ಕಣ್ಣೆದುರು ಕುದಿಸಿದರೆ ಮಾತ್ರ ತಗೊಂಡೆ.

ಊಟಕ್ಕೆ ಒಂದೇ ನಿಯಮ: ಹೊಗೆಯಾಡುತ್ತಿರಬೇಕು. ಆಗಷ್ಟೇ ಬೇಯಿಸಿದ ದಾಲ್ ಭಾತ್, ಹಬೆಯಿಂದ ನೇರ ತಟ್ಟೆಗೆ ಬಂದ ತರಕಾರಿ ಮೊಮೊ. ಜೊತೆಗೆ ಕೊಡುವ ಅಚಾರ್ ಅನ್ನುವ ಚಟ್ನಿ ಬೇಡ ಅಂದೆ. ಅದು ಬೆಳಗ್ಗೆ ಅರೆದಿಟ್ಟದ್ದು, ಅದಕ್ಕೆ ಹಾಕಿದ ನೀರು ಎಲ್ಲಿಯದೋ. ಅಮ್ಮ ಮನೆಯ ಚಟ್ನಿಪುಡಿ ಬಿಚ್ಚಿದಳು. ಹಣ್ಣು ಅಂದರೆ ನಾವೇ ಸುಲಿದ ಬಾಳೆಹಣ್ಣು ಮಾತ್ರ. ಕೈ ತೊಳೆಯಲು ಸೋಪೇ, ಯಾಕೆಂದರೆ ಸ್ಯಾನಿಟೈಸರ್‌ಗೆ ಬಗ್ಗದ ವೈರಸ್‌ಗಳೂ ಇವೆ. ಓಆರ್‌ಎಸ್ ಪೊಟ್ಟಣ ಆರು ತಂದಿದ್ದೆ, ಒಂದನ್ನೂ ಒಡೆಯಲಿಲ್ಲ.

ಕಷ್ಟವಾದದ್ದು ಮುಕ್ತಿನಾಥದಲ್ಲೇ. ದೇವಸ್ಥಾನದ 108 ನೀರಿನ ಧಾರೆಗಳ ಕೆಳಗೆ ಅಮ್ಮ ಬೊಗಸೆ ಒಡ್ಡಿದಳು.

“ಅಮ್ಮ, ಕುಡೀಬೇಡ. ತಲೆಗೆ ಪ್ರೋಕ್ಷಣೆ ಮಾಡ್ಕೋ.”

“ತೀರ್ಥ ಕಣೋ ಇದು!”

“ಹೌದು, ತೀರ್ಥಾನೇ. ರೂಮಿಗೆ ಹೋಗಿ ಕಾಯಿಸಿ ಕೊಡ್ತೀನಿ.”

ಅವಳ ಮುಖ ಸಣ್ಣದಾಯಿತು. ನನಗೂ ಹೊಟ್ಟೆಯಲ್ಲಿ ಸಂಕಟ. ಆದರೂ ಬಾಟಲಿಯಲ್ಲಿ ಹಿಡಿದುಕೊಂಡೆ. ಸಂಜೆ ನಾವು ಉಳಿದುಕೊಂಡಿದ್ದ ಜೋಮ್‌ಸೋಮ್ ಊರಿನಲ್ಲಿ ಮೂರು ನಿಮಿಷ ಕುದಿಸಿ ಆರಿಸಿಟ್ಟೆ. ಅಮ್ಮ ಸ್ನಾನ ಮಾಡಿ ಬಂದು, ಚೀಲದಿಂದ ಉದ್ಧರಣೆ ತೆಗೆದು ಮೂರು ಸಲ ತೀರ್ಥ ತಗೊಂಡಳು. ಆಮೇಲೆ ನನ್ನ ಕೈಗೂ ಹಾಕಿದಳು.